ಭಾವ ರುಚಿ ನೋಡದ ಮಣ್ಣು

ಇದನ್ನು ಬರೆಯಬೇಕೆಂದು ನಾನು ಕಾಗದ ಮುಂದಿಟ್ಟುಕೊಂಡಿದ್ದು ಇದೇ ಮೊದಲಲ್ಲ. ಒಂದು ಸಲ ಪೆನ್ನಿನ ಮೇಲೆ ತಪ್ಪು ಹೊರಿಸಿ ಎದ್ದೆ. ಇನ್ನೊಂದು ಸಲ ಹಿಪ್ಪುನೇರಳೆ ತೋಟಕ್ಕೆ ನೀರು ಬಿಡುವ ನೆಪ ಸಿಕ್ಕಿತು. ಹೀಗೆ ನಾಲ್ಕು ವರ್ಷ ಮುಂದೂಡಿದ್ದೇನೆ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು, ಬರೆಯಲು ಬರುವುದಿಲ್ಲ ಎಂದು ಹೇಳುವ ಹಾಗೂ ಇಲ್ಲ. ನೆಪಗಳೆಲ್ಲ ಮುಗಿದಿರುವುದರಿಂದ ಇವತ್ತು ಶುರು ಮಾಡುತ್ತೇನೆ.

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಮಣ್ಣು ತಿನ್ನುತ್ತಿದ್ದರು.

ತಟ್ಟೆಗೆ ಬಡಿಸಿಕೊಂಡು ತಿನ್ನುತ್ತಿದ್ದರೆಂದು ತಿಳಿಯಬೇಡಿ. ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಅವರಿಗಿದ್ದ ಕೆಲಸ ಒಂದೇ, ಲಾರಿಯಲ್ಲಿ ಬಂದ ಜೇಡಿಮಣ್ಣನ್ನು ನೋಡುವುದು. ನೋಡುವುದು ಎಂಬುದು ಮಾತಿಗೆ. ಒಂದು ಚಿಟಿಕೆ ತೆಗೆದು ಬೆರಳ ಸಂದಿಯಲ್ಲಿ ಉಜ್ಜುವರು, ಅಂಗೈಯಲ್ಲಿ ಬತ್ತಿಯ ಹಾಗೆ ಹೊಸೆಯುವರು, ಕೊನೆಗೆ ನಾಲಿಗೆಯ ತುದಿಗಿಟ್ಟು ಮುಂದಿನ ಹಲ್ಲಿನಲ್ಲಿ ಒಮ್ಮೆ ಕಡಿದು ಉಗುಳುವರು. ಆಮೇಲೆ “ಇಳ್ಸಿ” ಅಥವಾ “ವಾಪಸ್ ತಗೊಂಡ್ಹೋಗಿ”. ಅದಕ್ಕೆ ಮೇಲ್ಮನವಿ ಇರಲಿಲ್ಲ. ಅವರು ಬೇಡವೆಂದ ಮಣ್ಣನ್ನು ಮಾಲೀಕರು ಹಟಕ್ಕೆ ಬಿದ್ದು ಒಮ್ಮೆ ಇಳಿಸಿಕೊಂಡರಂತೆ. ಆ ಗೂಡಿನಲ್ಲಿ ಬೆಂದ ಹೆಂಚುಗಳಲ್ಲಿ ಅರ್ಧ ಒಡೆದು ಬಂದವಂತೆ. ಅಂದಿನಿಂದ ಮಾಲೀಕರೂ ಅವರ ನಾಲಿಗೆಯನ್ನು ಕೇಳದೆ ಯಾವ ಲಾರಿಯನ್ನೂ ಒಳಗೆ ಬಿಡುತ್ತಿರಲಿಲ್ಲ.

ಅಕ್ಕನನ್ನು ನೋಡಲು ಶ್ರೀನಿವಾಸಪುರದ ಹತ್ತಿರದ ನಮ್ಮ ಹಳ್ಳಿಗೆ ಬಂದ ದಿನವೂ ಭಾವ ಹೊಸ್ತಿಲು ದಾಟುವ ಮೊದಲು ಬಗ್ಗಿ ಅಂಗಳದ ಮಣ್ಣನ್ನು ಚಿಟಿಕೆ ತೆಗೆದು ಬಾಯಿಗಿಟ್ಟರು. ಬಾಗಿಲಲ್ಲಿ ನಿಂತಿದ್ದ ನಮ್ಮ ಅಪ್ಪ ಇದನ್ನು ಕಂಡರು.

“ಏನಯ್ಯಾ, ಹುಡುಗಿ ನೋಡಕ್ ಬಂದಿದ್ದೀಯೋ, ಹೊಲ ನೋಡಕ್ ಬಂದಿದ್ದೀಯೋ?”

“ಹುಡುಗೀನೇ ಮಾವ. ಆದ್ರೆ ಮಣ್ಣು ನೋಡಿದ್ಮೇಲೆ ಹುಡುಗಿ ನೋಡೋದು ಬ್ಯಾಡ ಅನ್ಸ್ತಾ ಐತೆ. ಒಪ್ಪಿಗೆ.”

ಇದು ಹೊಗಳಿಕೆಯೋ ಅವಮಾನವೋ ಎಂದು ಅಕ್ಕ ಐವತ್ತು ವರ್ಷದಿಂದ ಯೋಚಿಸುತ್ತಿದ್ದಾಳೆ.

ಇಂಥವರು ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುತ್ತಾರೆಯೇ? ಕೂತರು, ಒಂದು ಹಾವನ್ನು ಮುಂದಿಟ್ಟುಕೊಂಡು.

ಕಾರ್ಖಾನೆಗೆ ಮಣ್ಣು ತೆಗೆಯುತ್ತಿದ್ದ ಹೊಂಡದಲ್ಲಿ ಜೆಸಿಬಿಯ ಹಲ್ಲು ತಗುಲಿ ಒಂದು ಮಣ್ಣುಮುಕ್ಕ ಹಾವಿನ ಬೆನ್ನು ಸೀಳಿತ್ತು. ಬಾಲವೂ ತಲೆಯ ಹಾಗೆಯೇ ಮೊಂಡಾಗಿರುವುದರಿಂದ ಎರಡು ತಲೆ ಹಾವು ಎಂದು ಜನ ಕರೆಯುವುದು ಇದನ್ನೇ. ವಿಷವಿಲ್ಲ, ಸದಾ ಮಣ್ಣಿನೊಳಗೆ ಹುದುಗಿರುತ್ತದೆ. ಕೆಲಸದವರು ಸಲಿಕೆ ಎತ್ತಿದರು. ಹಳೆಯ ಅಭ್ಯಾಸಕ್ಕೆ ಅಲ್ಲಿಗೆ ಹೋಗಿದ್ದ ಭಾವ ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಮನೆಗೆ ತಂದರು. ಅರಣ್ಯ ಇಲಾಖೆಯ ಗಾರ್ಡ್ ಒಬ್ಬರಿಗೆ ತಾವೇ ಹೋಗಿ ತಿಳಿಸಿದರು. ಆತ ಬಂದು ನೋಡಿ, “ಇದನ್ನ ಸಾಕೋ ಹಾಗಿಲ್ಲ ಯಜಮಾನ್ರೇ, ಕಾನೂನಿಗೆ ವಿರುದ್ಧ. ಗಾಯ ವಾಸಿ ಆದ್ಮೇಲೆ ಹೇಳಿ, ಬಿಟ್ಟು ಬರೋಣ” ಎಂದು ಹೋದರು.

“ನಾನೆಲ್ಲಿ ಸಾಕ್ತಿದ್ದೀನಿ? ಗಾಯ ವಾಸಿ ಆಗೋ ತನಕ ಇಟ್ಕೊಂಡಿದ್ದೀನಿ” ಎಂದು ಭಾವ ಎಲ್ಲರಿಗೂ ಹೇಳುತ್ತಿದ್ದರು. ಗಾಯ ವಾಸಿಯಾಗಿ ಎರಡು ವರ್ಷವಾದ ಮೇಲೂ ಹೇಳುತ್ತಿದ್ದರು.

ಹಾವಿಗೆ ಮನೆಯಾಗಿ ಮುಚ್ಚಿಹೋದ ಬೇಕರಿಯೊಂದರ ಗಾಜಿನ ಷೋಕೇಸು ಬಂತು. ಅದರ ಮೇಲೆ ‘ತಾಜಾ ಬೆಣ್ಣೆ ಬಿಸ್ಕತ್ತು’ ಎಂದು ಅಂಟಿಸಿದ ಅಕ್ಷರಗಳು ಎಷ್ಟು ಉಜ್ಜಿದರೂ ಹೋಗಲಿಲ್ಲ. ಒಳಗೆ ಯಾವ ಮಣ್ಣು ತುಂಬಬೇಕು ಎಂಬ ಪ್ರಶ್ನೆ ಎದ್ದಾಗ, ನನಗೆ ನೆನಪಿರುವಂತೆ, ಭಾವನ ಮುಖದಲ್ಲಿ ನಿವೃತ್ತಿಯ ದಿನ ಹೋದ ಕಳೆ ಮರಳಿ ಬಂತು.

ಮೊದಲು ಮಾಲೂರಿನದೇ ಜೇಡಿಮಣ್ಣು. ಅದು ಎರಡೇ ದಿನದಲ್ಲಿ ಗಟ್ಟಿಯಾಗಿ, ಹಾವು ಮೂಗು ತಿವಿದು ತಿವಿದು ಸೋತಿತು. “ಹೆಂಚಿಗೆ ಒಳ್ಳೇ ಮಣ್ಣು, ಹೆಂಚಿನ ಕೆಳಗಿರೋರ್ಗೆ ಅಲ್ಲ” ಎಂದು ತೆಗೆದರು. ಆಮೇಲೆ ಕೋಲಾರದ ಕಡೆಯ ಕೆರೆ ಗೋಡು, ಅಂದರೆ ಹೂಳುಮಣ್ಣು. ಅದು ತೇವ ಬಿಡದೆ ಹಾವಿನ ಹೊಟ್ಟೆಯ ಮೇಲೆ ಕಲೆಗಳೆದ್ದವು. ಮುಳಬಾಗಿಲಿನಿಂದ ಹೊಳೆಮರಳು ತರಿಸಿದರು. ಬರೀ ಮರಳು ತೋಡಿದಂತೆಲ್ಲ ಕುಸಿಯುತ್ತಿತ್ತು, ಬಿಲ ನಿಲ್ಲುತ್ತಿರಲಿಲ್ಲ. ಕ್ರಷರಿನ ಎಂ-ಸ್ಯಾಂಡನ್ನು ಅಂಗೈಯಲ್ಲಿ ಉಜ್ಜಿ ನೋಡಿಯೇ ಬಿಸಾಡಿದರು, ಅದರ ಪ್ರತಿ ಕಣಕ್ಕೂ ಮೂಲೆಯಿದೆಯಂತೆ. ನರಸಾಪುರದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗುವ ಪಕ್ಕದ ಮನೆಯವರೊಬ್ಬರಿಗೆ, ಅಲ್ಲಿ ಕಟ್ಟಡಕ್ಕೆ ಪಾಯ ತೆಗೆದ ಕಡೆಯಿಂದ ಒಂದು ಹಿಡಿ ತಂದುಕೊಡಿ ಎಂದು ಊಟದ ಡಬ್ಬಿಯನ್ನೇ ಕೊಟ್ಟು ಕಳಿಸಿದ್ದರು. ಆ ಮನೆಯ ಹೆಂಗಸು ಅದೇ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟು, “ನಿಮ್ಮೆಜಮಾನ್ರಿಗೆ ತಿಂಡಿ” ಎಂದು ಹೇಳಿ ಹೋದಳು.

ಕೊನೆಗೆ ಗೆದ್ದದ್ದು ನಮ್ಮೂರ ಮಣ್ಣು. ಕೆರೆ ಏರಿಯ ಆಚೆ ಒಂಟಿಯಾಗಿ ನಿಂತ ಉಪ್ಪಿನಕಾಯಿ ಮಾವಿನ ಮರದ ಬುಡದ ಕೆಂಪು ಮಣ್ಣು, ರಾಗಿ ಜರಡಿಯಲ್ಲಿ ಹಿಡಿದು, ಮೂರರಲ್ಲಿ ಒಂದು ಪಾಲು ತೊಳೆದ ಹೊಳೆಮರಳು ಬೆರೆಸಿದ್ದು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಮೊಣಕೈಯವರೆಗೆ ಆಳ. ಹಾವು ಅದರೊಳಗೆ ಇಳಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೀರೊಳಗೆ ಇಳಿದ ಹಾಗೆ ಇಳಿಯಿತು.

ಆಮೇಲೆ ಅಡಗುದಾಣ. ಹೆಂಚಿನ ಕಾರ್ಖಾನೆಯ ಮನುಷ್ಯನಿಗೆ ಹೆಂಚಿಗೆ ಬರವೇ? ಮೊದಲು ಕಮಾನಿನ ಹಾಗೆ ಬಾಗಿದ ಮೂಲೆಹೆಂಚು ಕವುಚಿಟ್ಟರು. ಹಾವು ಒಳಗೆ ಹೋಗಿ ಹೊರಗೆ ಬಂತು. “ಎತ್ತರ ಜಾಸ್ತಿ ಆಯ್ತು. ಬೆನ್ನಿಗೆ ಸೂರು ತಾಗ್ಬೇಕು, ಆಗ್ಲೇ ಅದಕ್ಕೆ ಮನೆ ಅನ್ಸೋದು” ಎಂದರು. ಮಡಕೆ ಓಡು, ತೆಂಗಿನ ಚಿಪ್ಪು, ಎಲ್ಲ ಆಗಿ, ಕೊನೆಗೆ ಅರ್ಧ ಮಣ್ಣಲ್ಲಿ ಹೂತ ಎರಡು ಚಪ್ಪಟೆ ಹೆಂಚುಗಳು ನಿಂತವು. ಒಂದು ಬಲ್ಬಿನ ಕೆಳಗೆ, ಬೆಚ್ಚಗೆ. ಇನ್ನೊಂದು ಆ ತುದಿಗೆ, ಒದ್ದೆ ಪಾಚಿಯ ಮೇಲೆ, ತಣ್ಣಗೆ.

ಅಕ್ಕ ನನಗೆ ಕಾಫಿ ಕೊಡುತ್ತ ಅಂದಳು, “ನಾನು ಮದ್ವೆ ಆಗಿ ಬಂದಾಗ ಈ ಮನೇಲಿ ಒಂದು ಮಂಚ ಇರ್ಲಿಲ್ಲ. ಅದಕ್ಕೆ ನೋಡು, ಎರಡು ರೂಮು. ಚಳಿಗೊಂದು, ಸೆಕೆಗೊಂದು.”

“ನೀನೂ ಮಣ್ಣೊಳಗೆ ಸುಮ್ನೆ ಇರ್ತೀನಿ ಅಂದ್ರೆ ಹೇಳು, ಕಟ್ಸಿಕೊಡ್ತೀನಿ” ಎಂದರು ಭಾವ.

ಹಾವಿಗೆ ಹೆಸರಿಡಲಿಲ್ಲ. ‘ಒಳಗಿನವರು’ ಎಂದೇ ಕರೆಯುತ್ತಿದ್ದರು. ನೋಡಲು ಬಂದವರಿಗೆ ಕಾಣುತ್ತಿದ್ದುದು ಮಣ್ಣು, ಎರಡು ಹೆಂಚು, ತಾಜಾ ಬೆಣ್ಣೆ ಬಿಸ್ಕತ್ತು. “ಹಾವೆಲ್ಲಿ?” ಎಂದರೆ, “ಕಾಣಿಸ್ತಾ ಇಲ್ಲ ಅಂದ್ರೆ ಚೆನ್ನಾಗೈತೆ ಅಂತ” ಎನ್ನುತ್ತಿದ್ದರು. ಊಟಕ್ಕೆ ಇಲಿ ಬೇಕಿತ್ತು. ಅಕ್ಕ ಹಬ್ಬಕ್ಕೆ ಹೋಳಿಗೆ ಕೊಟ್ಟ ಮನೆಗಳಿಂದ ಪಾತ್ರೆಯ ಜೊತೆಗೆ ಇಲಿಬೋನೂ ವಾಪಸು ಬರತೊಡಗಿತು, ತುಂಬಿದ ಬೋನು.

ಎರಡು ತಲೆ ಹಾವು ಮನೆಯಲ್ಲಿದ್ದರೆ ನಿಧಿ ಸಿಗುತ್ತದೆಂದು ನಂಬುವವರು ಇದ್ದಾರಲ್ಲ, ಅವರ ಪೈಕಿ ಇಬ್ಬರು ಮುಳಬಾಗಿಲಿನ ಆಚೆಯ ಗಡಿಯಿಂದ ಕಾರು ಮಾಡಿಕೊಂಡು ಬಂದರು. “ರೆಂಡು ತಲಲ ಪಾಮು ಉಂದಂಟ ಕದಾ, ಪೆದ್ದಾಯನಾ?” ಎಂದು ತೆಲುಗಿನಲ್ಲಿ ಶುರುಮಾಡಿದರು, ಎರಡು ತಲೆ ಹಾವು ಇದೆಯಂತಲ್ಲ ಎಂದು ಅದರ ಅರ್ಥ, ಕೇಳಿದಷ್ಟು ಕೊಡುತ್ತೇವೆಂದರು. ಭಾವನಿಗೂ ತೆಲುಗು ಮನೆಮಾತಿನಷ್ಟೇ ಸಲೀಸು. ಕೂರಿಸಿದರು. ಕಣ್ಣು ಮುಚ್ಚಿಸಿದರು. ಅಂಗೈಯ ಮೇಲೆ ಒಂದೊಂದೇ ಮಣ್ಣು ಸುರಿದು, ಇದಕ್ಕೂ ಅದಕ್ಕೂ ವ್ಯತ್ಯಾಸ ಹೇಳಿ ಎಂದು ಪಾಠ ಮಾಡಿದರು. ಒಂದು ಗಂಟೆಯ ಮೇಲೆ ಒಬ್ಬ ಸೋತ ದನಿಯಲ್ಲಿ, “ಪಾಮು ಎಕ್ಕಡಯ್ಯಾ?” ಎಂದ.

“ಹಾವಾ? ಇನ್ನೂ ಐದು ಮಣ್ಣು ಬಾಕಿ ಐತೆ. ಆಮೇಲೆ ಹೆಂಚಿನ ವಿಷಯ.”

ಕಾರು ಹೊರಟ ಮೇಲೆ ಅದರ ನಂಬರನ್ನು ಗಾರ್ಡಿಗೆ ಫೋನು ಮಾಡಿ ಹೇಳಿದರು. ಇದನ್ನು ನಾನು ನಮ್ಮೂರ ಟೀ ಅಂಗಡಿಯಲ್ಲಿ ಹತ್ತಾರು ಸಲ ಅಭಿನಯಿಸಿ ತೋರಿಸಿದ್ದೇನೆ. ಜನ ನಕ್ಕರು. ನಾನೂ ನಕ್ಕೆ. ನಕ್ಕು ನಕ್ಕು ನನಗೆ ಅವರ ಕೆಲಸವೆಲ್ಲ ನಗೆಯಾಟವೇ ಆಗಿಹೋಯಿತು. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತೆಂದು ಈಗ ಅನ್ನಿಸುತ್ತದೆ.

ಭಾವನಿಗೆ ಕೋಲಾರದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಬಗ್ಗಬಾರದು, ಧೂಳು ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ಆರು ತಿಂಗಳಿಗೊಮ್ಮೆ ಷೋಕೇಸಿನ ಮಣ್ಣನ್ನು ಪೂರಾ ಬದಲಾಯಿಸುವುದು ಅವರ ಪದ್ಧತಿ, ಆ ಗಡುವೂ ಆಗಲೇ ಬಂದಿತ್ತು. ನನಗೆ ಫೋನು ಮಾಡಿದರು.

“ಲೇ, ಆ ಉಪ್ಪಿನಕಾಯಿ ಮರದ ಬುಡದ್ದು ಎರಡು ಚೀಲ ಬೇಕು. ಮಾವಿನ ತೋಪಿನ ಮಣ್ಣು ಬ್ಯಾಡ, ಹೂವಿಗೆ ಔಷಧಿ ಹೊಡೀತಾರೆ, ಅದು ಮಣ್ಣಿಗಿಳಿದಿರತ್ತೆ.”

“ಆಯ್ತು ಭಾವ.”

“ಮೇಲಿನ ಒಂದು ಗೇಣು ತೆಗೆದು ಹಾಕಿ ಆಮೇಲೆ ಅಗಿ. ನೆರಳಲ್ಲಿ ಆರಿಸು.”

“ಭಾವ, ಇದು ಹಾವಿಗೋ, ಅಳಿಯನಿಗೋ?”

“ಅಳಿಯನಿಗೆ ಇಷ್ಟು ಯಾರು ಹೇಳ್ತಾರೆ?”

ಆ ವಾರ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಸಮಯ. ಹುಳು ಹಣ್ಣಾದರೆ ಗಂಟೆ ತಡವಾದರೂ ಗೂಡು ಕೆಡುತ್ತದೆ, ಕೈಬಿಡುವಂತಿಲ್ಲ. ಮರ ಎರಡು ಮೈಲಿ ದೂರ. ಇದು ನೆಪ. ನಿಜವೇನೆಂದರೆ, ಒಂದು ಹಾವಿಗೋಸ್ಕರ ಅಷ್ಟು ದೂರ ಹೋಗಿ ಅಗೆಯುವುದು ನನಗೆ ಹಾಸ್ಯವಾಗಿ ಕಂಡಿತು. ನಮ್ಮ ಹುಳುಮನೆಯ ಹಿಂದೆ ಅದೇ ಬಣ್ಣದ ಮಣ್ಣು ರಾಶಿಯಾಗಿತ್ತು, ಮೆತ್ತಗೆ, ಒಣಗಿ, ಜರಡಿ ಹಿಡಿದ ಹಾಗೆ. ಹುಳುಮನೆಗೆ ರೋಗ ಬರದಂತೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ, ಪ್ರತಿ ಬೆಳೆಯ ಕೊನೆಗೆ ಗುಡಿಸಿ ಎಸೆಯುತ್ತಿದ್ದುದು ಅಲ್ಲಿಗೇ. ಸಲಿಕೆ ಹಾಕಿದಾಗ ಬಿಳಿ ಚುಕ್ಕೆಗಳು ಕಂಡವು. ಕಾಣಲಿಲ್ಲ ಎಂದು ಬರೆದರೆ ಇಷ್ಟು ವರ್ಷ ಕಾದದ್ದು ವ್ಯರ್ಥ. ಕಂಡವು. ಜರಡಿ ಹಿಡಿದು ತೆಗೆದೆ. ಚೀಲದ ಬಾಯಿಗೆ ಎರಡು ಹಿಡಿ ಒಣ ಮಾವಿನೆಲೆ ಹಾಕಿ ಕಟ್ಟಿದೆ.

ಊದುಬತ್ತಿ ಹಚ್ಚಿ ಬಂದವರನ್ನೂ ಹುಳುಮನೆಯ ಬಾಗಿಲಲ್ಲೇ ತಡೆಯುವ ಮನುಷ್ಯ ನಾನು. ವಾಸನೆಗೆ ಹುಳು ಕೆಡುತ್ತದೆಂದು ನನಗೆ ಗೊತ್ತು. ಮಣ್ಣೊಳಗೆ ಮೂಗಿಟ್ಟು ಬದುಕುವ ಜೀವಕ್ಕೆ ಏನಾದೀತು ಎಂದು ನಾನು ಕೇಳಿಕೊಳ್ಳಲಿಲ್ಲ.

ಮಾಲೂರಿಗೆ ಹೋದೆ. ಭಾವ ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಚೀಲ ಬಿಚ್ಚಿದೆ. ಅಭ್ಯಾಸಬಲದಿಂದ ಒಂದು ಚಿಟಿಕೆ ತೆಗೆದರು, ಉಜ್ಜಿದರು, ತುಟಿಯವರೆಗೆ ತಂದರು. ಆಗ ಕೈ ನಿಲ್ಲಿಸಿ ನಕ್ಕರು.

“ನೀನೇ ತಂದಿರೋದು. ಇದಕ್ಕೂ ಪರೀಕ್ಷೆ ಮಾಡಿದ್ರೆ ನಿಂಗೆ ಬೇಜಾರಾಗತ್ತೆ” ಎಂದು ಚಿಟಿಕೆಯನ್ನು ಚೀಲಕ್ಕೇ ಉದುರಿಸಿದರು.

ನಾನು ಕಂಡಂತೆ ಅವರು ರುಚಿ ನೋಡದೆ ಒಪ್ಪಿದ ಮಣ್ಣು ಅದೊಂದೇ. ಅವರು ಹೇಳಿದಂತೆ ಮರಳು ಬೆರೆಸಿ ನಾನೇ ಷೋಕೇಸಿಗೆ ತುಂಬಿದೆ, ಹೆಂಚುಗಳನ್ನೂ ಹೂತೆ. ಅಕ್ಕ ಬಡಿಸಿದ ಮುದ್ದೆ ಉಂಡು ಬಸ್ಸು ಹತ್ತಿದೆ.

ಎರಡನೆಯ ದಿನ ಫೋನು ಬಂತು. “ಒಳಗಿನವರು ಮೇಲೆ ಬಂದು ಮಲಗವ್ರೆ ಕಣೋ.”

“ಹೊಸ ಮಣ್ಣಲ್ವಾ ಭಾವ, ಒಗ್ಗಬೇಕು” ಎಂದೆ.

ಮೂರನೆಯ ದಿನ ಅವರು ಅಕ್ಕನ ಕೈಯಲ್ಲಿ ಹೆಂಚನ್ನು ಒಂದು ಎಳೆ ಎತ್ತರ ಮಾಡಿಸಿದರು. ನಾಲ್ಕನೆಯ ದಿನ ತಗ್ಗಿಸಿದರು. ಆಮೇಲೆ ಬಲ್ಬು ಬದಲಾಯಿಸಿದರು, ಪಾಚಿ ಬದಲಾಯಿಸಿದರು, ಹಳೆಯ ಮೂಲೆಹೆಂಚನ್ನು ಮತ್ತೆ ಇಟ್ಟು ನೋಡಿದರು. ಬದಲಾಯಿಸಬೇಕಾದದ್ದು ಒಂದನ್ನು ಬಿಟ್ಟು ಎಲ್ಲವನ್ನೂ ಬದಲಾಯಿಸುತ್ತಿದ್ದರು, ಪ್ರತಿಯೊಂದನ್ನೂ ನನಗೆ ವರದಿ ಮಾಡುತ್ತಿದ್ದರು. ಆರನೆಯ ದಿನ ದನಿ ಸಣ್ಣದಾಗಿತ್ತು.

“ಬಾಯಿ ತೆಗೆದು ತೆಗೆದು ಮುಚ್ತಾ ಐತೆ. ಮಣ್ಣು ಏನಾದ್ರೂ ಹೆಚ್ಚುಕಮ್ಮಿ ಆಯ್ತೇನೋ ಅನ್ನೋಣ ಅಂದ್ರೆ, ನೀನು ಆ ಮರದ ಬುಡದ್ದೇ ತಂದಿದ್ದೀಯ.”

ಅದು ಪ್ರಶ್ನೆಯೂ ಆಗಿರಲಿಲ್ಲ. ಸುಮ್ಮನಿದ್ದರೂ ಆಗುತ್ತಿತ್ತು. ನಾನು “ಹೂಂ ಭಾವ, ಅದೇ” ಎಂದೆ.

ಫೋನಿಟ್ಟ ಮೇಲೆ ಕೂರಲಾಗಲಿಲ್ಲ. ಮರುದಿನ ಬೆಳಿಗ್ಗೆ ಹುಳುಗಳನ್ನು ಹೆಂಡತಿಗೆ ಬಿಟ್ಟು ಉಪ್ಪಿನಕಾಯಿ ಮರದ ಬುಡಕ್ಕೆ ಓಡಿದೆ. ಒಂದು ಗೇಣು ಮೇಲ್ಮಣ್ಣು ತೆಗೆದು, ಅವರು ಹೇಳಿದ ಹಾಗೆಯೇ ಅಗೆದು, ಒಂದು ಚೀಲ ತುಂಬಿಕೊಂಡು ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮಾಲೂರು ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ.

ಭಾವ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಬಿಳಿ ಪಂಚೆಯ ಗಂಟು. ಹಾವು ಸತ್ತದ್ದನ್ನು ಗಾರ್ಡ್ ಬಂದು ನೋಡಿ ಬರೆದುಕೊಂಡು ಹೋಗಿದ್ದರಂತೆ. ಅವರು ನನ್ನ ಹೆಗಲ ಮೇಲಿನ ಚೀಲ ನೋಡಿದರು.

“ಯಾಕೋ, ಮತ್ತೆ ಮಣ್ಣು?”

“ಅಕ್ಕನ ಹೂವಿನ ಕುಂಡಕ್ಕೆ” ಎಂದೆ.

ಅಕ್ಕನಿಗೆ ಖುಷಿಯಾಯಿತು. ತಮ್ಮ ಇಷ್ಟು ದೂರ ಹೊತ್ತು ತಂದನಲ್ಲ ಎಂದು ಅವತ್ತೇ ಕನಕಾಂಬರ ನೆಟ್ಟಳು.

ಹಾವನ್ನು ಅದು ಸಿಕ್ಕ ಹೊಂಡದ ಅಂಚಿನಲ್ಲೇ ಭಾವ, ನಾನು ಇಬ್ಬರೂ ಹೂತುಬಂದೆವು. ಬಗ್ಗಬಾರದ ಮನುಷ್ಯ ಬಗ್ಗಿದರು. ಮನೆಗೆ ಬಂದು ಕೈ ತೊಳೆದು, ಬೆರಳುಗಳನ್ನು ಬಿಡಿಸಿ ನೋಡಿಕೊಂಡು ಹೇಳಿದರು. “ಮೂವತ್ತೈದು ವರ್ಷ ಊರಿಗೆಲ್ಲ ಮಣ್ಣು ನೋಡ್ಕೊಟ್ಟೆ. ಒಂದು ಹಾವಿಗೆ ಆರಿಸ್ಕೊಡೋಕೆ ಆಗ್ಲಿಲ್ಲ. ಕೈ ಹೋಯ್ತು ಕಣೋ ನಂದು.”

ಆ ದಿನದಿಂದ ಅವರು ಮಣ್ಣು ಮುಟ್ಟಿಲ್ಲ. ನಿವೃತ್ತರಾದ ಮೇಲೂ ಕಾರ್ಖಾನೆಯವರು ಹೊಸ ಹೊಂಡ ತೆಗೆದಾಗಲೆಲ್ಲ ಮಣ್ಣಿನ ಉಂಡೆಯನ್ನು ಮನೆಗೇ ತರುತ್ತಿದ್ದರು. “ಬೇರೆಯೋರ್ನ ಕೇಳ್ರಪ್ಪ” ಎಂದು ಕಳಿಸತೊಡಗಿದರು. ನಾನು ನಿಜ ಹೇಳಬೇಕೆಂದೇ ಮೂರು ಸಲ ಮಾಲೂರಿಗೆ ಹೋಗಿದ್ದೇನೆ. ಮೂರು ಸಲವೂ ಅಕ್ಕ ಮುದ್ದೆ ಬಡಿಸಿದಳು. ಮೂರು ಸಲವೂ ಉಂಡು ಬಂದೆ. ತಪ್ಪೊಪ್ಪಿಗೆಗೆ ಹೋದವನು ಸಾರು ಚೆನ್ನಾಗಿದೆ ಎಂದು ಎರಡನೆಯ ಸಲ ಹಾಕಿಸಿಕೊಂಡು ಬಂದ ಕಥೆಯನ್ನು ಟೀ ಅಂಗಡಿಯಲ್ಲಿ ಯಾರೆದುರು ಅಭಿನಯಿಸಲಿ?

ಕಳೆದ ತಿಂಗಳು ನಾನು ಅಲ್ಲಿದ್ದಾಗಲೇ ಕಾರ್ಖಾನೆಯ ಈಗಿನ ಮೇಸ್ತ್ರಿ ಬಂದರು. ಒದ್ದೆ ಬಟ್ಟೆಯಲ್ಲಿ ಎರಡು ಉಂಡೆ ಸುತ್ತಿ ತಂದಿದ್ದರು. ಎರಡರಲ್ಲಿ ಯಾವ ಹೊಂಡ ಹಿಡಿಯಬೇಕೆಂದು ತಿಳಿಯದೆ ಕೆಲಸ ನಿಂತಿತ್ತು.

“ಯಜಮಾನ್ರೇ, ಬಾಯಿಗೆ ಬ್ಯಾಡ. ಒಂದ್ಸಲ ಮುಟ್ಟಿ ಸಾಕು.”

ಭಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ನನ್ ಕೈ ನಂಬಿ ಕೆಡಬ್ಯಾಡ್ರಪ್ಪ” ಎಂದು ಒಳಗೆ ಹೋದರು. ಮೇಸ್ತ್ರಿ ಬಟ್ಟೆ ಸುತ್ತಿಕೊಂಡು ಎದ್ದರು. ಅಕ್ಕ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು, “ಮುದ್ದೆ ಮುರಿಯುವಾಗ್ಲೂ ಕೈ ನೋಡ್ಕೋತಾರೆ ಕಣೋ. ಏನು ಹುಡುಕ್ತಾರೋ.”

ಏನು ಹುಡುಕುತ್ತಾರೆಂದು ಗೊತ್ತಿರುವವನು ನಾನೊಬ್ಬನೇ.

ನಾನು ಇದನ್ನು ಕಳಿಸುತ್ತಿರುವ ಈ ಮಾಸಪತ್ರಿಕೆ ಅಕ್ಕನ ಮನೆಗೆ ಬರುತ್ತದೆ. ಅಕ್ಕ ಗಟ್ಟಿಯಾಗಿ ಓದುತ್ತಾಳೆ, ಭಾವ ಕಣ್ಣು ಮುಚ್ಚಿ ಕೇಳುತ್ತಾರೆ. ಈ ಸಾಲಿಗೆ ಬರುವ ಮುಂಚೆಯೇ ಅವಳು ಓದುವುದನ್ನು ನಿಲ್ಲಿಸಿರುತ್ತಾಳೆ. ನಿಲ್ಲಿಸಬೇಡ ಅಕ್ಕ. ಇದೊಂದನ್ನು ಓದಿ ಹೇಳಿಬಿಡು. ಭಾವ, ಆ ಹಾವಿಗೆ ನೀವು ಆರಿಸಿದ ಮಣ್ಣು ಸರಿಯಾಗಿತ್ತು, ಹೆಂಚೂ ಸರಿಯಾಗಿತ್ತು. ನಾನು ತಂದದ್ದು ಆ ಮಣ್ಣಲ್ಲ. ನಿಮ್ಮ ನಾಲಿಗೆಗೆ ಅದು ಒಂದೇ ಕ್ಷಣದಲ್ಲಿ ಗೊತ್ತಾಗುತ್ತಿತ್ತು, ನಾನು ಬೇಜಾರು ಮಾಡಿಕೊಳ್ಳಬಾರದೆಂದು ನೀವು ಅದನ್ನು ತಡೆದಿರಿ. ನೀವು ನನ್ನನ್ನು ಬಾಗಿಲಿಂದಾಚೆ ಕಳಿಸಿದರೂ ಸರಿ, ಮೇಸ್ತ್ರಿಯನ್ನು ಒಳಗೆ ಕರೆಯಿರಿ.

ಹಿರಿಯರ ಹೆಸರು ಹಿಡಿದು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಐವತ್ತು ವರ್ಷದಲ್ಲಿ ನಾನು ಹೇಳಿದವನೂ ಅಲ್ಲ. ಆದರೆ ಯಾರ ಕೈ ಸರಿಯಿದೆ ಎಂದು ಮಾಲೂರಿನ ಕಾರ್ಖಾನೆಗಳಿಗೆಲ್ಲ ಸ್ಪಷ್ಟವಾಗಿ ತಿಳಿಯಬೇಕಾಗಿದೆ. ನಾನು ಕೆಡಿಸಿದ್ದು ಅವರ ಹೆಸರನ್ನು, ಈಗ ಕ್ಷಮೆ ಕೇಳುವುದೂ ಅವರನ್ನೇ. ಅವರ ಹೆಸರು ಪಿಳ್ಳವೆಂಕಟಪ್ಪ.